ಕರೆ ಬಂದದ್ದು ಯಾವ ದಾರಿಯಿಂದ? ಸ್ಥಳೀಯ ಶೋಧ ಮತ್ತು ದೂರವಾಣಿ ಕರೆಗಳ ಲೆಕ್ಕ

ಖರೀದಿ, ಮಾರಾಟ, ಬಾಕಿ, ದಾಸ್ತಾನು ಎಲ್ಲಕ್ಕೂ ಲೆಕ್ಕ ಇಡುವ ವರ್ತಕರು ತಮಗೆ ಬರುವ ದೂರವಾಣಿ ಕರೆಗಳಿಗೆ ಲೆಕ್ಕ ಇಡುವುದು ಅಪರೂಪ. ಪಂಪ್‌ಸೆಟ್ ದುರಸ್ತಿ, ಮೋಟಾರ್ ರೀವೈಂಡಿಂಗ್, ಫ್ಯಾಬ್ರಿಕೇಷನ್, ಮುದ್ರಣ ಮೊದಲಾದ ಉದ್ಯಮಗಳಲ್ಲಿ ವ್ಯವಹಾರ ಬಹುಪಾಲು ಆರಂಭವಾಗುವುದೇ ಒಂದು ಕರೆಯಿಂದ. ಆ ಕರೆ ಪತ್ರಿಕಾ ಜಾಹೀರಾತಿನಿಂದ ಬಂದಿತೋ, ಡೈರೆಕ್ಟರಿಯಿಂದ ಬಂದಿತೋ, ಗೂಗಲ್ ಮ್ಯಾಪ್ಸ್‌ನಿಂದ ಬಂದಿತೋ ತಿಳಿಯದಿದ್ದರೆ ಪ್ರಚಾರದ ಹಣವನ್ನು ಊಹೆಯ ಮೇಲೆಯೇ ಹಂಚಬೇಕಾಗುತ್ತದೆ. ಕಾಲ್ ಟ್ರ್ಯಾಕಿಂಗ್ ಈ ಕೊರತೆಯನ್ನು ತುಂಬುವ ವ್ಯವಸ್ಥೆ. ಆದರೆ ಅದನ್ನು ಅಜಾಗರೂಕತೆಯಿಂದ ಅಳವಡಿಸಿದರೆ ಅಂತರ್ಜಾಲದಲ್ಲಿ ಕಷ್ಟಪಟ್ಟು ಗಳಿಸಿದ ಸ್ಥಾನಕ್ಕೇ ಧಕ್ಕೆ ಬರಬಹುದು.

ಸ್ಥಳೀಯ ಶೋಧದ ಆಧಾರ

ಗ್ರಾಹಕನು ತನ್ನ ಸಮೀಪದ ಅಂಗಡಿ ಅಥವಾ ವರ್ಕ್‌ಶಾಪನ್ನು ಹುಡುಕಿದಾಗ ಯಾರ ಹೆಸರು ಮೊದಲು ಕಾಣಬೇಕೆಂಬುದನ್ನು ಗೂಗಲ್ ಮುಖ್ಯವಾಗಿ ಮೂರು ಅಂಶಗಳಿಂದ ನಿರ್ಧರಿಸುತ್ತದೆ: ಹುಡುಕಾಟಕ್ಕೆ ಉದ್ಯಮ ಎಷ್ಟು ಹೊಂದುತ್ತದೆ, ಎಷ್ಟು ದೂರದಲ್ಲಿದೆ, ಎಷ್ಟು ಹೆಸರುವಾಸಿಯಾಗಿದೆ. ದೂರವನ್ನು ಬದಲಿಸಲಾಗದು. ಉಳಿದೆರಡನ್ನು ಸರಿಯಾದ ವರ್ಗ, ಕೆಲಸದ ವೇಳೆ, ಛಾಯಾಚಿತ್ರಗಳು ಮತ್ತು ಗ್ರಾಹಕರ ಅಭಿಪ್ರಾಯಗಳ ಮೂಲಕ ಉತ್ತಮಪಡಿಸಿಕೊಳ್ಳಬಹುದು.

ಇದಕ್ಕೆ ಅಡಿಪಾಯವೆಂದರೆ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಎಲ್ಲೆಡೆ ಒಂದೇ ಆಗಿರುವುದು. ಕರ್ನಾಟಕದಲ್ಲಿ 2014ರ ನವೆಂಬರ್ 1ರಂದು 12 ನಗರಗಳ ಹೆಸರುಗಳು ಅಧಿಕೃತವಾಗಿ ಬದಲಾದವು. ಒಂದು ಕಡೆ ಗುಲ್ಬರ್ಗಾ, ಇನ್ನೊಂದು ಕಡೆ ಕಲಬುರಗಿ ಎಂದು ವಿಳಾಸ ಉಳಿಸಿಕೊಂಡಿರುವ ಉದ್ಯಮಿಗಳು ಅದನ್ನು ಮೊದಲು ಸರಿಪಡಿಸಿಕೊಳ್ಳುವುದು ಒಳಿತು.

ಕರೆಗಳ ಜಾಡು ಹಿಡಿಯುವ ಬಗೆ

ದೂರವಾಣಿ ಸೇವೆ ನೀಡುವ ಕಂಪನಿಗಳಿಂದ ವರ್ಚುವಲ್ ಸಂಖ್ಯೆಗಳನ್ನು ಬಾಡಿಗೆಗೆ ಪಡೆದು, ಒಂದೊಂದು ಮಾಧ್ಯಮಕ್ಕೆ ಒಂದೊಂದು ಸಂಖ್ಯೆ ಕೊಡಲಾಗುತ್ತದೆ. ಯಾವ ಸಂಖ್ಯೆಗೆ ಕರೆ ಮಾಡಿದರೂ ಅಂಗಡಿಯ ದೂರವಾಣಿಯೇ ಮೊಳಗುತ್ತದೆ. ಕರೆಯ ಮೂಲ, ಸಮಯ, ಅವಧಿ, ಉತ್ತರ ದೊರೆಯಿತೇ ಇಲ್ಲವೇ ಎಂಬ ವಿವರಗಳು ದಾಖಲಾಗುತ್ತವೆ.

ಗೂಗಲ್ ಬಿಸಿನೆಸ್ ಪ್ರೊಫೈಲ್ ತಾನೇ ಒಂದು ಲೆಕ್ಕ ಕೊಡುತ್ತದೆಯಾದರೂ ಅದು ಕರೆಯ ಗುಂಡಿಯನ್ನು ಎಷ್ಟು ಸಲ ಒತ್ತಲಾಯಿತು ಎಂಬುದರ ಲೆಕ್ಕ ಮಾತ್ರ. ಕಂಪ್ಯೂಟರಿನಲ್ಲಿ ಸಂಖ್ಯೆ ನೋಡಿ ಬೇರೆ ದೂರವಾಣಿಯಿಂದ ಕರೆದ ಗ್ರಾಹಕನು ಅದರಲ್ಲಿ ಸೇರುವುದಿಲ್ಲ.

ಅಳವಡಿಕೆಯಲ್ಲಿ ಎಚ್ಚರ

ಪ್ರತಿ ಡೈರೆಕ್ಟರಿಯಲ್ಲೂ ಬೇರೆ ಬೇರೆ ಸಂಖ್ಯೆ ಕೊಟ್ಟರೆ ಮಾಹಿತಿ ಪರಸ್ಪರ ವಿರುದ್ಧವಾಗುತ್ತದೆ, ಗ್ರಾಹಕನಿಗೂ ಗೊಂದಲ. ಆದ್ದರಿಂದ ಡೈರೆಕ್ಟರಿಗಳಲ್ಲಿ ಮೂಲ ಸಂಖ್ಯೆಯನ್ನೇ ಉಳಿಸಬೇಕು. ಪತ್ರಿಕೆ, ಕರಪತ್ರ, ಗೋಡೆ ಜಾಹೀರಾತುಗಳಿಗೆ ಪ್ರತ್ಯೇಕ ಸಂಖ್ಯೆ ಕೊಡಲು ಅಡ್ಡಿಯಿಲ್ಲ. ಸ್ವಂತ ವೆಬ್‌ಸೈಟಿನಲ್ಲಿ ಮೂಲ ಸಂಖ್ಯೆಯನ್ನು ಪುಟದಲ್ಲಿ ಹಾಗೆಯೇ ಇಟ್ಟು, ಭೇಟಿ ನೀಡಿದವನು ಬಂದ ದಾರಿಗೆ ತಕ್ಕಂತೆ ಬೇರೆ ಸಂಖ್ಯೆ ತೋರಿಸುವ ತಂತ್ರಾಂಶ ಬಳಸಬಹುದು.

ಗೂಗಲ್ ಪ್ರೊಫೈಲಿನಲ್ಲಿ ಟ್ರ್ಯಾಕಿಂಗ್ ಸಂಖ್ಯೆಯನ್ನು ಮುಖ್ಯ ಸಂಖ್ಯೆಯಾಗಿ ಹಾಕುವವರು ಅಂಗಡಿಯ ಮೂಲ ಸಂಖ್ಯೆಯನ್ನು ಹೆಚ್ಚುವರಿ ಸಂಖ್ಯೆಯಾಗಿ ತಪ್ಪದೆ ಸೇರಿಸಬೇಕು. ಸಂಖ್ಯೆಯು ಉದ್ಯಮದ ನೇರ ಹತೋಟಿಯಲ್ಲಿರಬೇಕು, ಸಾಧ್ಯವಾದಷ್ಟೂ ಸ್ಥಳೀಯವಾಗಿರಬೇಕು ಎಂಬುದು ಗೂಗಲ್‌ನ ನಿಯಮ. ಹುಬ್ಬಳ್ಳಿಯ ಉದ್ಯಮಕ್ಕೆ 0836ರಿಂದ, ಮಂಗಳೂರಿನದಕ್ಕೆ 0824ರಿಂದ ಆರಂಭವಾಗುವ ಸಂಖ್ಯೆ ಈ ದೃಷ್ಟಿಯಿಂದ ಸೂಕ್ತ.

ಬಾಡಿಗೆ ಸಂಖ್ಯೆಯಲ್ಲಿ ಇನ್ನೊಂದು ಅಪಾಯವಿದೆ. ಕರಾರು ಮುಗಿದ ಮೇಲೆ ಸಂಖ್ಯೆ ಕೈತಪ್ಪಿ ಬೇರೊಬ್ಬರ ಪಾಲಾದರೆ, ಹಳೆಯ ಜಾಹೀರಾತು ನೋಡಿ ಕರೆಯುವ ಗ್ರಾಹಕನೂ ಅವರ ಪಾಲಾಗುತ್ತಾನೆ. ಸಂಖ್ಯೆಯನ್ನು ಮುಂದೆ ಉಳಿಸಿಕೊಳ್ಳಬಹುದೇ, ಕರೆಗಳ ದಾಖಲೆ ಕೈಗೆ ಸಿಗುವುದೇ ಎಂಬುದನ್ನು ಸಹಿ ಹಾಕುವ ಮೊದಲೇ ಬರಹದಲ್ಲಿ ಖಚಿತಪಡಿಸಿಕೊಳ್ಳಬೇಕು. ಅಂಗಡಿಯ ಫಲಕ ಮತ್ತು ಬಿಲ್ಲುಗಳ ಮೇಲೆ ಎಂದಿಗೂ ಸ್ವಂತ ಸಂಖ್ಯೆಯೇ ಇರಲಿ.

ಲೆಕ್ಕ ಹೇಳುವ ಸತ್ಯ

ಪಂಪ್ ದುರಸ್ತಿ ವರ್ಕ್‌ಶಾಪೊಂದಕ್ಕೆ ತಿಂಗಳಲ್ಲಿ ಪತ್ರಿಕಾ ಜಾಹೀರಾತಿನಿಂದ 40 ಕರೆ, ಮ್ಯಾಪ್ಸ್‌ನಿಂದ 25 ಕರೆ ಬಂದವೆಂದು ಭಾವಿಸಬಹುದು. ಮೇಲ್ನೋಟಕ್ಕೆ ಜಾಹೀರಾತೇ ಲಾಭದಾಯಕ. ಆದರೆ ಮೊದಲ 40ರಲ್ಲಿ ಕೆಲಸ ಸಿಕ್ಕಿದ್ದು 4 ಕರೆಗಳಿಂದ, 25ರಲ್ಲಿ 10ರಿಂದ ಎಂದಾದರೆ ಚಿತ್ರವೇ ಬದಲಾಗುತ್ತದೆ. ಆ 25ರಲ್ಲಿ 8 ಕರೆಗಳು ಮಧ್ಯಾಹ್ನದ ಊಟದ ವೇಳೆಯಲ್ಲಿ ಉತ್ತರವಿಲ್ಲದೆ ಹೋಗಿದ್ದರೆ, ಆಗಬೇಕಾದ ಕೆಲಸ ಹೆಚ್ಚು ಜಾಹೀರಾತಲ್ಲ, ಆ ಹೊತ್ತಿನಲ್ಲಿ ದೂರವಾಣಿ ಎತ್ತುವ ಒಬ್ಬ ಸಿಬ್ಬಂದಿ.

ಕರೆ ಮಾಡಿದವರ ಸಂಖ್ಯೆಯೂ ವೈಯಕ್ತಿಕ ಮಾಹಿತಿಯೇ. ಅದರ ರಕ್ಷಣೆಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಂಗೀಕಾರವಾಗಿರುವುದರಿಂದ ಆ ಸಂಖ್ಯೆಗಳನ್ನು ಇತರರಿಗೆ ಹಂಚಬಾರದು. ಸಂಭಾಷಣೆ ಧ್ವನಿಮುದ್ರಿಸುವುದಾದರೆ ಆರಂಭದಲ್ಲೇ ತಿಳಿಸಬೇಕು. ಸಣ್ಣ ಉದ್ಯಮಕ್ಕೆ ಧ್ವನಿಮುದ್ರಣದ ಅಗತ್ಯವೂ ಕಡಿಮೆ.

ಖರ್ಚಿಲ್ಲದೆಯೂ ಆರಂಭಿಸಬಹುದು. ದೂರವಾಣಿಯ ಪಕ್ಕದಲ್ಲಿ ಒಂದು ಪುಸ್ತಕವಿಟ್ಟು, “ನಮ್ಮ ನಂಬರು ತಮಗೆ ಎಲ್ಲಿ ಸಿಕ್ಕಿತು?” ಎಂದು ಪ್ರತಿ ಹೊಸ ಗ್ರಾಹಕರನ್ನೂ ಕೇಳಿ ಬರೆದಿಡಬೇಕು. ಮೂರು ತಿಂಗಳ ಬಳಿಕ, ಅತಿ ಹೆಚ್ಚು ಹಣ ಹೋಗುತ್ತಿರುವ ಮಾಧ್ಯಮವೊಂದಕ್ಕೆ ಮಾತ್ರ ಪ್ರತ್ಯೇಕ ಸಂಖ್ಯೆ ಪಡೆದು ಎರಡೂ ಲೆಕ್ಕಗಳನ್ನು ತಾಳೆ ನೋಡಬಹುದು. ಮುಂದಿನ ಜಾಹೀರಾತಿನ ಕರಾರಿಗೆ ಸಹಿ ಹಾಕಬೇಕೇ ಬೇಡವೇ ಎಂಬುದು ಆಗ ತಾನಾಗಿಯೇ ಸ್ಪಷ್ಟವಾಗುತ್ತದೆ.