ಮಳೆ ಹೊಡೆಯೋ ಗೋಡೆಗೆ ಎಷ್ಟು ಶೀಟ್ ಬೇಕು? ಲೆಕ್ಕ ಯಾರ ಕೈಯಲ್ಲಿದೆ?

ಕೊಡಗಿನಲ್ಲಿ ಒಂದು ಮನೆಯ ನಾಲ್ಕು ಗೋಡೆಗಳ ಪಾಡು ಒಂದೇ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಬೀಸೋದು ನೈಋತ್ಯದಿಂದ. ಹಾಗಾಗಿ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳು ನೀರು ಕುಡಿಯುತ್ತಲೇ ಇರುತ್ತವೆ. ಭಾಗಮಂಡಲದಷ್ಟು ಮಳೆ ಬಾಳೆಲೆಗೆ ಇಲ್ಲ, ನಿಜ. ಆದರೆ ಎರಡು ವಾರ ಬಿಸಿಲೇ ಕಾಣದ ಗೋಡೆಗೆ ಆ ಹೋಲಿಕೆಯಿಂದ ಏನೂ ಸಮಾಧಾನ ಸಿಗಲ್ಲ.

ಹಳೆಯ ಐನ್‌ಮನೆಗಳಲ್ಲಿ ಈ ಸಮಸ್ಯೆಯನ್ನು ಮಾಡೇ ನೋಡಿಕೊಳ್ತಿತ್ತು. ಸೂರು ಗೋಡೆಯಿಂದ ಸಾಕಷ್ಟು ಹೊರಗೆ ಚಾಚಿರುತ್ತಿತ್ತು. ಈಗಿನ ಆರ್‌ಸಿಸಿ ಮನೆಗಳಲ್ಲಿ ಸೂರು ಅಂತ ಉಳಿದಿರೋದು ಕಿಟಕಿ ಮೇಲಿನ ಒಂದೂವರೆ ಅಡಿ ಸಜ್ಜಾ ಮಾತ್ರ. ಆದ್ದರಿಂದ ಗೋಡೆಗೇ ರೇನ್‌ಕೋಟ್ ತೊಡಿಸಬೇಕಾಗಿದೆ. ಇರುವವರು ಪ್ಯಾನೆಲ್ ಹೊಡೆಸುತ್ತಾರೆ, ಇಲ್ಲದವರು ಟಾರ್ಪಾಲು ಕಟ್ಟುತ್ತಾರೆ. ಹೊರಗೋಡೆಗೆ ಹೀಗೆ ಇನ್ನೊಂದು ಪದರ ಹೊದಿಸೋದಕ್ಕೆ ಕ್ಲ್ಯಾಡಿಂಗ್ ಅಂತಾರೆ. ಇದರ ಎಸ್ಟಿಮೇಟ್ ಬಂದಾಗ ನಾವು ಕೊನೆಯ ಸಾಲಿನ ಮೊತ್ತ ಮಾತ್ರ ನೋಡ್ತೀವಿ, ಶೀಟ್‌ಗಳ ಸಂಖ್ಯೆ ಎಲ್ಲಿಂದ ಬಂತು ಅಂತ ಕೇಳಲ್ಲ.

ಆ ಸಂಖ್ಯೆ ಹುಟ್ಟೋದು ಎಲಿವೇಷನ್‌ನಲ್ಲಿ. ಗೋಡೆಯ ಎದುರು ನೇರವಾಗಿ ನಿಂತರೆ ಕಾಣುವ ಚಿತ್ರವನ್ನು ಅಳತೆಗೆ ಸರಿಯಾಗಿ ಬರೆದರೆ ಅದೇ ಎಲಿವೇಷನ್. ಇದನ್ನು ಬರೆಯಲು ಆಟೋಕ್ಯಾಡ್ ಲೈಸೆನ್ಸ್ ಬೇಕಾಗಿಲ್ಲ. ಲಿಬ್ರೆಕ್ಯಾಡ್ ಉಚಿತ, ಬ್ರೌಸರ್‌ನಲ್ಲಿ ತೆರೆಯುವ ಸ್ಕೆಚಪ್‌ನ ಉಚಿತ ಆವೃತ್ತಿಯೂ ಸಾಕು.

ಮೊದಲು ಗೋಡೆಯ ಮಧ್ಯಕ್ಕೆ ಸರಿಯಾಗಿ, ಆದಷ್ಟು ದೂರ ನಿಂತು, ಮೊಬೈಲನ್ನು ಓರೆ ಮಾಡದೆ ಫೋಟೊ ತೆಗೀಬೇಕು. ಹತ್ತಿರ ನಿಂತು ಮೊಬೈಲ್ ಮೇಲಕ್ಕೆತ್ತಿದರೆ ಗೋಡೆಯ ತಲೆ ಕಿರಿದಾಗಿ ಕಾಣುತ್ತೆ, ಅಳತೆ ಅಲ್ಲೇ ಕೆಡುತ್ತೆ. ಆಮೇಲೆ ಟೇಪ್ ಹಿಡಿದು ಒಂದು ಕಿಟಕಿಯ ಅಗಲ ಅಳೆಯಿರಿ. ಸಾಫ್ಟ್‌ವೇರ್‌ನಲ್ಲಿ ಫೋಟೊ ಹಾಕಿ, ಆ ಕಿಟಕಿಯ ಮೇಲೆ ಗೆರೆ ಎಳೆದು, ಇದು 4 ಅಡಿ ಅಂತ ಹೇಳಿದರೆ ಇಡೀ ಚಿತ್ರ ಅದೇ ಪ್ರಮಾಣಕ್ಕೆ ಹೊಂದಿಕೊಳ್ಳುತ್ತೆ. ಗೋಡೆಯ ಅಂಚು, ಕಿಟಕಿ, ಬಾಗಿಲುಗಳನ್ನು ಅದರ ಮೇಲೆ ಟ್ರೇಸ್ ಮಾಡೋದಷ್ಟೇ ಉಳಿದ ಕೆಲಸ. ಮುಂದಕ್ಕೆ ಬಂದಿರುವ ಜಗಲಿಯ ಕಂಬವನ್ನು ಇದೇ ಪ್ರಮಾಣದಲ್ಲಿ ನಂಬಬೇಡಿ, ಅದು ಕ್ಯಾಮೆರಾಗೆ ಹತ್ತಿರ ಇರೋದರಿಂದ ದೊಡ್ಡದಾಗಿ ಕಾಣುತ್ತೆ. ಹಳೆಯ ಗೋಡೆಯಾದರೆ ಎರಡೂ ತುದಿಯ ಎತ್ತರವನ್ನು ಟೇಪ್‌ನಲ್ಲೇ ಅಳೆದುಬಿಡಿ. ಎರಡೂ ಒಂದೇ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಈಗ ಲೆಕ್ಕ. ಗೋಡೆ 24 ಅಡಿ ಉದ್ದ, 9 ಅಡಿ ಎತ್ತರ, 4 ಅಡಿ ಚೌಕದ ಎರಡು ಕಿಟಕಿ. ಅಂಗಡಿಯಲ್ಲಿ ಸಿಗುವ ಫೈಬರ್ ಸಿಮೆಂಟ್ ಬೋರ್ಡ್ 8 ಅಡಿಗೆ 4 ಅಡಿ, ಅಂದ್ರೆ 32 ಚದರ ಅಡಿ. ಬಾಯಿಲೆಕ್ಕ ಹೀಗೆ ಹೋಗುತ್ತೆ: 216 ಭಾಗಿಸು 32, ಬಂತು ಆರೂಮುಕ್ಕಾಲು, ಏಳು ಅಂತಿಟ್ಟುಕೋ, ವೇಸ್ಟೇಜ್‌ಗೆ ಇನ್ನೊಂದು, ಒಟ್ಟು 8. ಎತ್ತರ 9 ಅಡಿ ಇರೋದರಿಂದ ಪ್ರತಿ ಸಾಲಿಗೂ ಎರಡು ಶೀಟ್ ಬೇಕು ಅಂದುಕೊಂಡವರು 12 ಬರೀತಾರೆ. ಇದರಲ್ಲಿ ಯಾರೂ ಮೋಸ ಮಾಡಬೇಕಾಗಿಯೇ ಇಲ್ಲ, ಚಿತ್ರ ಬರೆಯದೇ ಇದ್ದರೆ ಸಾಕು.

ಚಿತ್ರದಲ್ಲಿ ಶೀಟ್‌ಗಳನ್ನು ಜೋಡಿಸಿ ನೋಡಿ. ಉದ್ದಕ್ಕೆ 6 ಶೀಟ್ ನಿಲ್ಲುತ್ತವೆ, ಮೇಲೆ ಒಂದು ಅಡಿ ಉಳಿಯುತ್ತೆ. ಕಿಟಕಿಯ ಅಂಚು ಶೀಟಿನ ಅಂಚಿಗೆ ಸರಿಯಾಗಿ ಕೂತರೆ ಕಿಟಕಿಗಾಗಿ ಕತ್ತರಿಸಿ ತೆಗೆದ ತುಂಡು ಪೂರ್ತಿ 4 ಅಡಿ ಚೌಕ. ಅದರಲ್ಲಿ 15 ಇಂಚಿನ ಮೂರು ಪಟ್ಟಿ ಸಿಗುತ್ತೆ. ಎರಡು ಕಿಟಕಿಗೆ ಆರು ಪಟ್ಟಿ. ಮೇಲಿನ ಒಂದು ಅಡಿ ಮುಚ್ಚಿ, 3 ಇಂಚು ಕೆಳಗಿನ ಶೀಟಿನ ಮೇಲೆ ಹೆಂಚಿನ ಥರ ಇಳಿಯುತ್ತೆ. ಆರೇ ಶೀಟ್, ಕಸಕ್ಕೆ ಹೋಗೋದು ಎರಡು ಚದರ ಅಡಿ. ಕಿಟಕಿ ಅಂಚಿನಿಂದ ಎರಡು ಅಡಿ ಸರಿದಿದ್ದರೂ ಆರರಲ್ಲೇ ಮುಗಿಸಬಹುದು, ಆದರೆ ಆಗ ಪಟ್ಟಿಗಳು ಅರ್ಧ ಅರ್ಧ ಆಗಿ, ಮೇಲಿನ ಸಾಲಿನ ಜೋಡಣೆ 5ರ ಬದಲು 11 ಆಗುತ್ತೆ. ಒಂದೊಂದು ಜೋಡಣೆಯೂ ನೀರಿಗೆ ಒಂದೊಂದು ದಾರಿ. ಗೋಡೆಗೂ ಶೀಟಿಗೂ ನಡುವೆ ರೀಪು ಕೊಟ್ಟು ಒಂದಿಂಚು ಗಾಳಿ ಬಿಡೋದನ್ನೂ ಚಿತ್ರದಲ್ಲೇ ತೋರಿಸಬೇಕು. ಇಲ್ಲದಿದ್ದರೆ ಒಳಗೆ ಸೇರಿದ ತೇವ ಅಲ್ಲೇ ಕೂರುತ್ತೆ.

ಯಾವ ಶೀಟ್ ಅನ್ನೋದೂ ಸಣ್ಣ ಪ್ರಶ್ನೆಯಲ್ಲ. ಪೇಟೆಯ ಅಂಗಡಿಗಳ ಮುಂದೆ ಮಿನುಗುವ ಎಸಿಪಿ ಪ್ಯಾನೆಲ್ ಅಂದ್ರೆ ಎರಡು ತೆಳು ಅಲ್ಯುಮಿನಿಯಂ ಹಾಳೆಗಳ ನಡುವೆ ಒಂದು ತಿರುಳು. ಆ ತಿರುಳು ಪಾಲಿಥಿನ್ ಆಗಿದ್ದರೆ ಅದು ಉರಿಯುತ್ತೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನ ಸತ್ತಿದ್ದು ಬೆಂಕಿ ಇಂಥದೇ ಹೊದಿಕೆ ಹಿಡಿದು ಮೇಲೇರಿದ್ದರಿಂದ. ಅಗ್ಗದ ಸಿಮೆಂಟ್ ಶೀಟಿನಲ್ಲಿ ಕಲ್ನಾರು, ಅಂದ್ರೆ ಆಸ್‌ಬೆಸ್ಟಾಸ್, ಇದ್ದರೆ ಕೊಯ್ಯುವವರ ಶ್ವಾಸಕೋಶಕ್ಕೆ ಅದರ ಧೂಳು ಹೋಗುತ್ತೆ. ಎಸ್ಟಿಮೇಟಿನಲ್ಲಿ ಬರೀ 'ಪ್ಯಾನೆಲ್' ಅಂತ ಬರೆದಿದ್ದರೆ ಒಪ್ಪಬೇಡಿ.

ಇಷ್ಟು ಹೊತ್ತು ಮಾತಾಡಿದ್ದು ಸ್ವಂತ ಗೋಡೆ ಇರುವವರ ಬಗ್ಗೆ. ದಕ್ಷಿಣ ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಇರೋದು ಹೆಚ್ಚಾಗಿ ಯರವರು, ಕುರುಬರು ಮತ್ತು ಹೊರಗಿಂದ ಬಂದ ಕೂಲಿಕಾರರು. ಗೋಡೆ ಅವರದಲ್ಲ, ಅದರೊಳಗಿನ ತೇವ ಮಾತ್ರ ಅವರದು. ಒದ್ದೆ ಗೋಡೆ, ಬೂಷ್ಟು ಇರುವ ಮನೆಗಳಲ್ಲಿ ಆಸ್ತಮಾ ಮತ್ತು ಉಸಿರಾಟದ ತೊಂದರೆ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲೇ ಹೇಳಿದೆ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯ 15ನೇ ಸೆಕ್ಷನ್ ಕಾರ್ಮಿಕರಿಗೆ ಮನೆ ಕೊಟ್ಟು ನಿರ್ವಹಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತ್ತು. ಆದರೆ 5 ಹೆಕ್ಟೇರ್‌ಗಿಂತ ಚಿಕ್ಕದಾದ ಅಥವಾ 15ಕ್ಕಿಂತ ಕಡಿಮೆ ಕಾರ್ಮಿಕರಿರುವ ತೋಟಗಳು ಸಾಮಾನ್ಯವಾಗಿ ಅದರ ವ್ಯಾಪ್ತಿಗೇ ಬರುತ್ತಿರಲಿಲ್ಲ. ಕೊಡಗಿನಲ್ಲಿ ಬಹುಪಾಲು ಇರೋದು ಸಣ್ಣ ಹಿಡುವಳಿಗಳೇ. ಆ ಕಾಯ್ದೆಯನ್ನು ಈಗ 2020ರ ಸಂಹಿತೆಯೊಳಗೆ ಸೇರಿಸಿದ್ದಾರೆ.

ಕಾನೂನಿನ ಜಗಳ ನಡೀಲಿ, ನಡೀಬೇಕು. ಅದರ ಜೊತೆಗೆ, 'ಗೋಡೆ ಸೋರ್ತಾ ಇದೆ' ಅನ್ನೋ ದೂರಿಗಿಂತ 'ಪಶ್ಚಿಮದ ಗೋಡೆಗೆ ಇಷ್ಟು ಶೀಟ್, ಇಷ್ಟು ರೀಪು, ಇಗೋ ಚಿತ್ರ' ಅನ್ನೋ ಬೇಡಿಕೆಯನ್ನು ತಳ್ಳಿಹಾಕೋದು ಕಷ್ಟ. ಅಂಗನವಾಡಿ, ಶಾಲೆಯಂಥ ಸರ್ಕಾರಿ ಕಟ್ಟಡವಾದರೆ ಇನ್ನೂ ಸುಲಭ. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 2(ಜೆ) ದಾಖಲೆ ಪಡೆಯುವ ಹಕ್ಕನ್ನಷ್ಟೇ ಅಲ್ಲ, ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಡುತ್ತೆ. ಎಸ್ಟಿಮೇಟ್ ಮತ್ತು ಅಳತೆ ಪುಸ್ತಕದ ಪ್ರತಿ ತರಿಸಿ ನಿಮ್ಮ ಟ್ರೇಸಿಂಗ್ ಪಕ್ಕ ಇಟ್ಟು ನೋಡಿ.

ಲೈನ್ ಮನೆಯನ್ನು ಬರೆಯೋದು ಬಂಗಲೆಗಿಂತ ಬೇಗ ಆಗುತ್ತೆ. ಒಂದೇ ಥರದ ಕೋಣೆಗಳು ಸಾಲಾಗಿ ಇರೋದರಿಂದ ಒಂದನ್ನು ಟ್ರೇಸ್ ಮಾಡಿ ಉಳಿದವಕ್ಕೆ ಕಾಪಿ ಹೊಡೆದು, ತುದಿಯಿಂದ ತುದಿಗೆ ಒಮ್ಮೆ ಟೇಪ್ ಹಿಡಿದು ತಾಳೆ ನೋಡಿದರೆ ಮುಗೀತು. ಫೋಟೊ, ಅಳತೆ ಎಲ್ಲ ಮಾರ್ಚ್‌ನಲ್ಲೇ ಆಗಿ, ಗೋಡೆ ಒಣಗಿರುವಾಗಲೇ, ಮೇ ಮುಗಿಯುವುದರೊಳಗೆ ಶೀಟ್ ಬೀಳಬೇಕು.