ಎಸ್.ಪಿ. ರೋಡಿನಲ್ಲಿ ಹುಟ್ಟುವ ಮ್ಯಾಕ್

ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯ ಮನೆಗಾಗಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸ್ಟುಡಿಯೊಗಾಗಲಿ ‘ಒಂದು ಗಟ್ಟಿ ಸಿಸ್ಟಂ ಅಸೆಂಬಲ್ ಮಾಡಿಸ್ಬೇಕು’ ಅಂದರೆ ದುರ್ಗದ ಸೀಮೆಯವರಿಗೆ ನೆನಪಾಗುವುದು ಬೆಂಗಳೂರಿನ ಎಸ್.ಪಿ. ರೋಡ್. ಸುಮಾರು 200 ಕಿಲೊಮೀಟರ್ ಹೆದ್ದಾರಿ, ಮೆಜೆಸ್ಟಿಕ್, ಅಲ್ಲಿಂದ ಟೌನ್‌ಹಾಲ್ ಕಡೆಗೆ ಸಿಟಿ ಬಸ್ಸು. ಬೋರ್ಡು, ಪ್ರೊಸೆಸರ್, ರ‍್ಯಾಮ್, ಕ್ಯಾಬಿನೆಟ್ಟು ಎಲ್ಲವೂ ಅಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆ. ಇದೇ ಬಿಡಿಭಾಗಗಳನ್ನು ಜೋಡಿಸಿ ಅದರ ಮೇಲೆ ವಿಂಡೋಸ್ ಬದಲು ಆಪಲ್‌ನ ಮ್ಯಾಕ್‌ಓಎಸ್ ಓಡಿಸುವ ಹವ್ಯಾಸವೊಂದಿದೆ. ಹಾಗೆ ಕಟ್ಟಿದ ಯಂತ್ರಕ್ಕೆ ‘ಹ್ಯಾಕಿಂಟಾಷ್’ ಎಂದು ಹೆಸರು.

ಇದಕ್ಕೆ ದಾರಿ ತೆರೆದದ್ದು ಆಪಲ್ ಕಂಪನಿಯೇ. ಪವರ್‌ಪಿಸಿ ಚಿಪ್ ಬಿಟ್ಟು ಇಂಟೆಲ್ ಕಡೆಗೆ ಹೊರಳುವುದಾಗಿ ಅದು 2005ರ ಜೂನ್‌ನಲ್ಲಿ ಘೋಷಿಸಿತು. 2006ರ ಜನವರಿಯಲ್ಲಿ ಮೊದಲ ಇಂಟೆಲ್ ಮ್ಯಾಕ್ ಬಂತು. ಒಳಗಿನ ಸಾಮಾನು ನಮ್ಮ ಅಸೆಂಬಲ್ಡ್ ಪಿಸಿಯದೇ ಆದಮೇಲೆ ತಂತ್ರಾಂಶ ಮಾತ್ರ ಯಾಕೆ ಓಡಬಾರದು ಎಂದು ಹಲವರು ಕೈ ಹಾಕಿದರು. ಅಗತ್ಯವೂ ಇತ್ತು. ವಿಡಿಯೊ ಎಡಿಟರ್‌ಗಳಿಗೆ ಬೇಕಾದ ಫೈನಲ್ ಕಟ್ ಪ್ರೊ, ಐಫೋನ್ ಆ್ಯಪ್ ಬರೆಯಲು ಬೇಕಾದ ಎಕ್ಸ್‌ಕೋಡ್ ಇವೆರಡೂ ವಿಂಡೋಸ್‌ಗೆ ಸಿಗುವುದಿಲ್ಲ. ಮ್ಯಾಕ್ ಕೊಳ್ಳುವಷ್ಟು ದುಡ್ಡಿಲ್ಲದವರಿಗೆ ಉಳಿದದ್ದು ಇದೊಂದೇ ಉಪಾಯ.

ಈ ಕಸುಬಿನ ಮುಕ್ಕಾಲು ಪಾಲು ತೀರ್ಮಾನವಾಗುವುದು ಅಂಗಡಿಯ ಕೌಂಟರ್ ಮುಂದೆಯೇ. ಕಂಪನಿಯ ಬೆಂಬಲವಿಲ್ಲದ ಕಡೆ ಡ್ರೈವರ್ ಹುಡುಕಿ ಗೆಲ್ಲುವುದಕ್ಕಿಂತ, ಆಪಲ್ ತಾನೇ ಬಳಸಿದ ಭಾಗಗಳ ಬಳಗದಿಂದ ಆರಿಸಿಕೊಳ್ಳುವುದು ಜಾಣತನ. ಜಾತಕ ಕೂಡಿಸುವಾಗಿನ ಮುತುವರ್ಜಿ ಇಲ್ಲೂ ಬೇಕು. ಪ್ರೊಸೆಸರ್ ಇಂಟೆಲ್‌ನ ಹತ್ತನೇ ತಲೆಮಾರಿನದಾದರೆ ನಿಶ್ಚಿಂತೆ. 2020ರ 27 ಇಂಚಿನ ಐಮ್ಯಾಕ್‌ನಲ್ಲಿ ಅದೇ ಇತ್ತು. ಗ್ರಾಫಿಕ್ಸ್‌ಗೆ ಎಎಂಡಿಯ ಆರ್‌ಎಕ್ಸ್ 580 ಬಹುಕಾಲ ಎಲ್ಲರ ಮೆಚ್ಚಿನ ಕಾರ್ಡು; 2017ರ ಐಮ್ಯಾಕ್‌ನಲ್ಲಿದ್ದದ್ದು ಇದೇ ವಂಶದ ಚಿಪ್. ಅಂಗಡಿಯವರು ಮುಂದೆ ಮಾಡುವ ಎನ್ವಿಡಿಯಾದ ಹೊಸ ಕಾರ್ಡುಗಳಿಗೆ ಮ್ಯಾಕ್‌ಓಎಸ್‌ನ 2018ರ ‘ಮೊಹಾವಿ’ ಆವೃತ್ತಿಯಿಂದೀಚೆಗೆ ಡ್ರೈವರೇ ಇಲ್ಲ.

ಇನ್ನು ಜೋಡಣೆ. ಪೆನ್‌ಡ್ರೈವ್‌ನಲ್ಲಿ ‘ಓಪನ್‌ಕೋರ್’ ಎಂಬ ಮುಕ್ತ ತಂತ್ರಾಂಶ ಕೂರುತ್ತದೆ. ಯಂತ್ರ ಶುರುವಾದೊಡನೆ ಮ್ಯಾಕ್‌ಓಎಸ್‌ಗಿಂತ ಮೊದಲು ಎದ್ದು, ಇದೊಂದು ಐಮ್ಯಾಕ್ ಎಂದು ಅದನ್ನು ನಂಬಿಸುವುದು ಇದರ ಕೆಲಸ. ಅಸಲಿ ಮ್ಯಾಕ್‌ನಲ್ಲಿರುವ ಎಸ್‌ಎಂಸಿ ಚಿಪ್‌ನ ವೇಷವನ್ನು ‘ವರ್ಚುವಲ್‌ಎಸ್‌ಎಂಸಿ’ ಹಾಕುತ್ತದೆ, ಗ್ರಾಫಿಕ್ಸ್ ತೊಡಕನ್ನು ‘ವಾಟೆವರ್‌ಗ್ರೀನ್’, ಧ್ವನಿಯ ತೊಡಕನ್ನು ‘ಆಪಲ್‌ಎಎಲ್‌ಸಿ’ ಬಿಡಿಸುತ್ತವೆ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್, ಸಿಎಫ್‌ಜಿ ಲಾಕ್ ಆಫ್ ಮಾಡಿರಬೇಕು. ಒಂದು ಸೆಟ್ಟಿಂಗ್ ತಪ್ಪಿದರೂ ಕಪ್ಪು ತೆರೆಯ ಮೇಲೆ ಓಡುತ್ತಿದ್ದ ಬಿಳಿ ಅಕ್ಷರದ ಸಾಲುಗಳು ನಡುವೆಯೇ ನಿಂತುಬಿಡುತ್ತವೆ. ನಿಂತ ಸಾಲನ್ನು ಓದಿ ಕಾರಣ ಹಿಡಿಯಬೇಕು.

ತಾಳ್ಮೆ ಪರೀಕ್ಷಿಸುವುದು ಯುಎಸ್‌ಬಿ. ಒಂದು ಕಂಟ್ರೋಲರ್‌ಗೆ ಹದಿನೈದೇ ಪೋರ್ಟು ಎಂಬುದು ಮ್ಯಾಕ್‌ಓಎಸ್‌ನ ಮಿತಿ. ನೀಲಿ ಬಾಯಿಯ ಒಂದು ಸಾಕೆಟ್ಟಿನಲ್ಲಿ 2.0, 3.0 ಎಂದು ಎರಡು ಪೋರ್ಟು ಅಡಗಿರುವುದರಿಂದ ಲೆಕ್ಕ ಬೇಗ ಮೀರುತ್ತದೆ. ಪ್ರತಿ ಸಾಕೆಟ್ಟಿಗೂ ಮೊದಲು ಹಳೆಯ, ಆಮೇಲೆ ಹೊಸ ಪೆನ್‌ಡ್ರೈವ್ ಚುಚ್ಚಿ ಯಾವ ಹೆಸರು ಮೂಡುತ್ತದೆಂದು ಬರೆದಿಟ್ಟುಕೊಂಡು, ಬೇಕಾದ್ದನ್ನು ಉಳಿಸಿ ಮಿಕ್ಕಿದ್ದನ್ನು ಕೈಬಿಡಬೇಕು. ಬ್ಲೂಟೂತ್ ಕೂಡ ಒಳಗೊಳಗೇ ಒಂದು ಪೋರ್ಟು ನುಂಗಿರುತ್ತದೆ. ಸೋಮಾರಿತನ ಮಾಡಿದರೆ ನಿದ್ದೆಗೆ ಕಳಿಸಿದ ಯಂತ್ರ ಸರಿಯಾಗಿ ಮಲಗುವುದೂ ಇಲ್ಲ, ಏಳುವುದೂ ಇಲ್ಲ.

ಕಾನೂನಿನ ಮಾತು ಮರೆಯುವಂತಿಲ್ಲ. ಆಪಲ್ ಹೆಸರಿನ ಯಂತ್ರದಲ್ಲಿ ಮಾತ್ರ ಹಾಕಬೇಕೆಂದು ಮ್ಯಾಕ್‌ಓಎಸ್‌ನ ಪರವಾನಗಿ ಹೇಳುತ್ತದೆ. ಇಂಥ ಯಂತ್ರಗಳನ್ನೇ ಮಾರಲು ಹೊರಟ ಅಮೆರಿಕದ ಸೈಸ್ಟಾರ್ ಕಂಪನಿಯ ಮೇಲೆ ಆಪಲ್ 2008ರಲ್ಲಿ ದಾವೆ ಹೂಡಿ, 2009ರ ನವೆಂಬರ್‌ನಲ್ಲಿ ಗೆದ್ದಿತು. ಹವ್ಯಾಸಿಯ ಮನೆಯ ಯಂತ್ರಕ್ಕೂ ಪರವಾನಗಿಯ ಬಲವಿಲ್ಲ. ಮಾರಾಟಕ್ಕಿಳಿದರಂತೂ ಕೋರ್ಟಿನ ದಾರಿ.

ಕಸುಬಿಗೆ ಈಗ ಸಂಜೆಯಾಗಿದೆ. 2020ರ ನವೆಂಬರ್‌ನಲ್ಲಿ ಆಪಲ್ ತನ್ನದೇ ಎಂ1 ಚಿಪ್ ತಂದಿತು. ಆ ಚಿಪ್ ಯಾವ ಅಂಗಡಿಯಲ್ಲೂ ಬಿಡಿಯಾಗಿ ಸಿಗದು. 2025ರ ಸೆಪ್ಟೆಂಬರ್‌ನಲ್ಲಿ ಬಂದ ‘ಟಾಹೋ’ ಇಂಟೆಲ್ ಯಂತ್ರಗಳಿಗೆ ಕೊನೆಯ ಆವೃತ್ತಿ. ಕಲಿತ ವಿದ್ಯೆ ಮಾತ್ರ ವ್ಯರ್ಥವಲ್ಲ. ಕಂಪನಿ ಕೈಬಿಟ್ಟ ಅಸಲಿ ಹಳೆಯ ಮ್ಯಾಕ್‌ಗಳಿಗೆ ಹೊಸ ಆವೃತ್ತಿ ಹಾಕುವ ‘ಓಪನ್‌ಕೋರ್ ಲೆಗಸಿ ಪ್ಯಾಚರ್’ ನಿಂತಿರುವುದು ಇದೇ ಬುನಾದಿಯ ಮೇಲೆ. ಬೂಟ್ ಲಾಗ್ ಓದಲು, ಬೋರ್ಡಿನ ಗುಣ ಅಳೆಯಲು ಬಂದವರಿಗೆ ಲಿನಕ್ಸ್ ಕೂಡ ಕಷ್ಟವೆನಿಸದು.

ಈಗಲೂ ಕೈ ಹಾಕುವವರು ಕಲಿಕೆಗೆಂದೇ ಸೆಕೆಂಡ್‌ಹ್ಯಾಂಡ್ ಭಾಗಗಳಲ್ಲಿ ಶುರುಮಾಡಲಿ, ಮ್ಯಾಕ್‌ಓಎಸ್‌ಗೆ ಪ್ರತ್ಯೇಕ ಎಸ್‌ಎಸ್‌ಡಿ ಕೊಡಲಿ, ಓಪನ್‌ಕೋರ್ ಇರುವ, ಸರಿಯಾಗಿ ಓಡಿದ ಇಎಫ್‌ಐ ಫೋಲ್ಡರಿನ ಪ್ರತಿಯನ್ನು ಬೇರೆ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಲಿ. ಗಿರಾಕಿಯ ಮದುವೆ ವಿಡಿಯೊ ಅದರಲ್ಲಿದ್ದರೆ, ಡೆಲಿವರಿ ಕೊಟ್ಟು ಮುಗಿಯುವ ತನಕ ಅಪ್‌ಡೇಟ್ ಗುಂಡಿಯ ತಂಟೆಗೆ ಹೋಗದಿದ್ದರೆ ಒಳ್ಳೆಯದು.