ಹಾಲು ಮೂಸಿ ನೋಡುವ ಅತ್ತೆ

ಮಂಗಳೂರು ಬಸ್ಸು ಕಲ್ಲಡ್ಕ ದಾಟಿ ಮಾಣಿಯಲ್ಲಿ ನಿಂತರೆ ಮುಂದೆ ಎರಡು ದಾರಿ. ನೇರ ಹೋದರೆ ಉಪ್ಪಿನಂಗಡಿ, ಶಿರಾಡಿ, ಬೆಂಗಳೂರು. ಬಲಕ್ಕೆ ಹೊರಳಿದರೆ ಪುತ್ತೂರು, ಸುಳ್ಯ, ಮಡಿಕೇರಿ, ಮೈಸೂರು. ನಾನು ಅಲ್ಲಿಳಿದು ಮಾವನ ಮನೆಯ ಮಣ್ಣುದಾರಿ ಹಿಡಿದಾಗ ಬೆಳಗ್ಗೆ ಎಂಟು ಗಂಟೆ.

ಅಂಗಳದ ತುಂಬ ಅಡಿಕೆ. ಮಾವ ಪಾದಗಳನ್ನು ಎಳೆದೆಳೆದು ಅಡಿಕೆ ಮಗುಚುತ್ತಿದ್ದರು. ಅವರು ಹೋದಲ್ಲೆಲ್ಲ ಜೋಡಿ ಗೆರೆ ಮೂಡುತ್ತದೆ. ಬಲಗಾಲಿನದು ನೇರ, ಎಡಗಾಲಿನದು ಅಲ್ಲಲ್ಲಿ ಸೊಟ್ಟ.

ಮಾವ ಅಡಿಕೆ ಮರದಿಂದ ಬಿದ್ದದ್ದು ಒಂಬತ್ತು ವರ್ಷದ ಹಿಂದಿನ ಆಟಿ ತಿಂಗಳಲ್ಲಿ. ಕೊಳೆರೋಗಕ್ಕೆ ಎರಡನೇ ಸಲದ ಬೋರ್ಡೋ ದ್ರಾವಣ ಬಿಡಲು ಅಪರೂಪಕ್ಕೆ ಅರ್ಧ ದಿನ ಬಿಸಿಲು ಸಿಕ್ಕಿತ್ತು. ಪಾಚಿಗಟ್ಟಿದ ಮರ, ಹತ್ತಲು ಕಾಲಿಗೆ ಸಿಕ್ಕಿಸಿದ ತಳೆ ಜಾರಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಎಚ್ಚರವಿರಲಿಲ್ಲ. ವೈದ್ಯರು ದಿನಾ ಒಂದು ಅಂಕಿ ಹೇಳುತ್ತಿದ್ದರು. 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ ಅಳತೆಯಂತೆ. ತೀರಾ ಕಡಿಮೆಯೆಂದರೆ 3, ಪೂರ್ತಿ ಎಚ್ಚರವೆಂದರೆ 15. ಮಾವ 6ರಿಂದ 15ಕ್ಕೆ ಬಂದ ದಿನ ಮನೆಯಲ್ಲಿ ಪಾಯಸ ಮಾಡಿದರು. ಪುನರ್ಜನ್ಮ ಎಂದಿತು ಊರು. ಜೀವ ಉಳಿಯಿತಲ್ಲ, ಇನ್ನೇನು ಬೇಕು ಅಂದುಕೊಂಡೆವು.

ವಾಸನೆ ಹೋಗಿದೆಯೆಂದು ಗೊತ್ತಾದದ್ದು ಮನೆಗೆ ಬಂದ ಮೇಲೆ. ಮೂಗಿನ ಮೇಲ್ಗಡೆ ಜರಡಿಯಂಥ ತೆಳು ಎಲುಬಿದೆ. ವಾಸನೆಯ ಎಳೆನರಗಳು ಅದರ ತೂತುಗಳೊಳಗಿಂದ ಮಿದುಳಿಗೆ ಹೋಗುತ್ತವೆ. ತಲೆಗೆ ಪೆಟ್ಟು ಬಿದ್ದು ಮಿದುಳು ಅಲುಗಿದಾಗ ಅವು ಅಲ್ಲೇ ಹರಿದುಹೋಗಬಹುದು. ಹಲಸು ಹಣ್ಣಾದದ್ದು, ಅನ್ನ ತಳ ಹಿಡಿದದ್ದು, ಗ್ಯಾಸು ಸೋರಿದ್ದು, ಯಾವುದೂ ಮಾವನಿಗೆ ತಿಳಿಯುವುದಿಲ್ಲ.

ಆದರೆ ನನ್ನನ್ನು ಕಾಡುವುದು ಆಮೇಲಿನ ಸುಸ್ತಿನ ನಾಲ್ಕು ವರ್ಷ. ಹತ್ತು ಗಂಟೆಗೆಲ್ಲ ಅವರು ಜಗಲಿಯಲ್ಲಿ ಒರಗಿಬಿಡುತ್ತಿದ್ದರು. ಏಪ್ರಿಲ್ ಸೆಕೆಯಲ್ಲೂ ಚಳಿಯೆಂದು ಹೊದೆದುಕೊಳ್ಳುತ್ತಿದ್ದರು. ಬಿದ್ದ ಮೇಲೆ ಉದಾಸೀನ ಜಾಸ್ತಿಯಾಗಿದೆ ಎಂದೆವು, ನಾನೂ ಹಾಗೆ ಅಂದವನೇ. ಥೈರಾಯ್ಡಿಗೆಂದು ಒಂದು ಕಡೆ ಟಿಎಸ್‌ಎಚ್ ಮಾತ್ರ ನೋಡಿ ಸರಿ ಇದೆ ಎಂದು ಕಳಿಸಿದ್ದರು. ತಪ್ಪಿದ್ದು ಅಲ್ಲೇ. ಮಿದುಳಿನ ಅಡಿಯಲ್ಲಿ ಸಣ್ಣ ತೊಟ್ಟಿನಿಂದ ಜೋತುಬಿದ್ದ, ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿಯೇ ಪೆಟ್ಟು ತಿಂದಿದ್ದರೆ ಟಿಎಸ್‌ಎಚ್ ಸರಿಯಿದ್ದಂತೆಯೇ ಕಾಣಬಹುದು. ಅದರ ಜೊತೆಗೆ ಫ್ರೀ ಟಿ4, ಬೆಳಗಿನ ಎಂಟರ ಹೊತ್ತಿಗೆ ತೆಗೆದ ರಕ್ತದಲ್ಲಿ ಕಾರ್ಟಿಸಾಲ್ ನೋಡಬೇಕು. ಬೇರೊಬ್ಬ ವೈದ್ಯರು ನೋಡಿದರು. ಎರಡೂ ಕಡಿಮೆ ಇತ್ತು. ಮಾತ್ರೆ ಶುರುವಾಗಿ ಎರಡು ತಿಂಗಳಿಗೆ ಮಾವ ತೋಟದ ತುದಿಯವರೆಗೆ ನಡೆದು ಬಂದರು.

ಈಗ ಜಗಲಿಯ ಗೂಡಿನಲ್ಲಿ ಮಾತ್ರೆಯ ಡಬ್ಬಿ, ಪಕ್ಕದಲ್ಲೇ ಬಿಪಿ ಯಂತ್ರ. ಬಿಪಿ ನೋಡುವುದಕ್ಕೂ ಕಾರಣವಿದೆ. ಅಮೆರಿಕದ ಬಾಸ್ಟನ್ನಿನಲ್ಲಿ ಸಂಶೋಧಕರು ತಲೆಗೆ ಪೆಟ್ಟಾದ ಎಂಟು ಸಾವಿರಕ್ಕೂ ಹೆಚ್ಚು ಮಂದಿಯ ಹತ್ತು ವರ್ಷದವರೆಗಿನ ದಾಖಲೆ ತೆಗೆದು ನೋಡಿ 2022ರಲ್ಲಿ ಪ್ರಕಟಿಸಿದರು. ಪೆಟ್ಟು ಬೀಳದವರಿಗಿಂತ ಇವರಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಪಾರ್ಶ್ವವಾಯು ಹೆಚ್ಚು, ಸಣ್ಣ ಪೆಟ್ಟಾದವರಲ್ಲೂ. ಪೆಟ್ಟಿನ ಮೇಲೆ ಬಂದ ಅಪಸ್ಮಾರಕ್ಕೆಂದು ವರ್ಷಗಟ್ಟಲೆ ಫೆನಿಟೊಯಿನ್ ನುಂಗಿದರೆ ಎಲುಬು ಸವೆಯಬಹುದು, ವಸಡು ಊದಬಹುದು. ಮಾವನಿಗೆ ಎರಡೂ ಆಯಿತು, ಮಾತ್ರೆ ಬದಲಿಸಿದರು. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಉಪಕ್ರಮ ಜಿಲ್ಲಾ ಆಸ್ಪತ್ರೆಗಳತ್ತ ಬರುತ್ತಿದೆ ಎಂದಾಗ ನನಗೆ ಮೊದಲು ನೆನಪಾದದ್ದು ಆ ನಾಲ್ಕು ವರ್ಷ.

ಮರ ಹತ್ತುವುದು ನಿಂತಿದೆ. ನೆಲದಲ್ಲೇ ನಿಂತು ಗೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಗೋಡೆಗೆ ಒರಗಿದೆ. ಅದನ್ನು ಹಿಡಿಯುವುದು ಈಗ ಅವರ ಮಗ.

ಬಿಸಿಲೇರಿತು. ಮಾವ ಬಂದು ಜಗಲಿಯಲ್ಲಿ ಕೂತರು. ಅತ್ತೆ ಒಳಗಿನಿಂದ ಹಾಲಿನ ಲೋಟ ತಂದು, ಕೊಡುವ ಮೊದಲು ಮೂಗಿನ ಹತ್ತಿರ ಹಿಡಿದು ಒಮ್ಮೆ ಮೂಸಿದರು. ಮಾವ ಲೋಟವನ್ನು ನೋಡಲಿಲ್ಲ, ಅತ್ತೆಯ ಮುಖ ನೋಡಿದರು. ಆಮೇಲೆ ಕೈ ಚಾಚಿದರು.